ರೊಕ್ಕಗೋಪನ ಮೀಮಾಂಸೆ: ರೋಜಾ ಪ್ರಾಂತ್ಯದ ಆನ್‌ಲೈನ್ ಮಾರಾಟಗಾರರ ಗುಟ್ಟುಗಳ ಶಾಸ್ತ್ರೀಯ ವಿವೇಚನೆ

ಲಕ್ಷಣ

ಕೈಗೆ ಬಂದ ಹಣದ ಮೊತ್ತ ಮನೆಯ ಇನ್ನೊಂದು ಕೋಣೆಗೆ ತಿಳಿಯದಂತೆ ನೋಡಿಕೊಳ್ಳುವ ವಿದ್ಯೆಗೆ ರೊಕ್ಕಗೋಪನ ಎಂದು ಹೆಸರು. ಕಲಬುರಗಿ ನಗರದ ರೋಜಾ, ಅಲ್ಲಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ, ಇವೆರಡರ ನಡುವಿನ ಹಳ್ಳಿಗಳು, ಇಷ್ಟು ಸೀಮೆಯಲ್ಲಿ ಈ ವಿದ್ಯೆ ಬಾಯಿಂದ ಬಾಯಿಗೆ ಹರಿದುಬಂದಿದೆ. ಸರಿಯಾಗಿ ಹೇಳಬೇಕೆಂದರೆ, ಮುಚ್ಚಿದ ಬಾಯಿಂದ ಮುಚ್ಚಿದ ಬಾಯಿಗೆ. ಇದರ ಮೂಲಸೂತ್ರ ಸಂವಾದ ರೂಪದಲ್ಲಿದೆ. “ಈ ಸಲ ಎಷ್ಟ್ ಬಂತು, ಯಕ್ಕಾ?” ಎಂಬುದು ಪೂರ್ವಪಕ್ಷ. “ಎಲ್ಲಿ ಬರ್ತದ ತಂಗೀ, ಹಿಟ್ಟಿನ ರೊಕ್ಕ ಸುದ್ದಾ ಹೊಳ್ಳಿ ಬಂದಿಲ್ಲ” ಎಂಬುದು ಸಿದ್ಧಾಂತ. ಇದೇ ಪ್ರಶ್ನೆಯನ್ನು ದಖನಿ ಉರ್ದುವಿನಲ್ಲಿ ಕೇಳಿದರೂ ಸಿದ್ಧಾಂತ ಬದಲಾಗುವುದಿಲ್ಲ. ಪ್ರಶ್ನೆ ಹಾಕುವವಳು ಬಹುಮಟ್ಟಿಗೆ ನೆಗೆಣ್ಣಿ. ಶಾಸ್ತ್ರದಲ್ಲಿ ಅವಳಿಗೆ ಪ್ರತಿವಾದಿಯ ಸ್ಥಾನವಿದೆ.

ಹೆಸರಿನ ಬಗ್ಗೆ ಒಂದು ಟಿಪ್ಪಣಿ ಅಗತ್ಯ. ರೋಜಾ ಎಂದೊಡನೆ ಮೈಸೂರು ಕಡೆಯ ಓದುಗರು ಗುಲಾಬಿ ಹೂವನ್ನು ನೆನೆಯುತ್ತಾರೆ. ಹೂವಿಗೂ ಈ ಬಡಾವಣೆಗೂ ನಂಟಿಲ್ಲ. ಅರಬ್ಬಿಯ ‘ರೌಝಾ’ ಎಂದರೆ ತೋಟ. ಅದೇ ಮಾತು ಮುಂದೆ ಸಂತರ ಸಮಾಧಿಗೂ ಸಂದಿತು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ದರ್ಗಾದ ಸುತ್ತಲಿನ ನೆಲಕ್ಕೆ ಆ ಹೆಸರು ಬಂದಿದ್ದು ಹೀಗೆ. ರೋಜಾ ಎರಡಿವೆ: ರೋಜಾ (ಬಿ), ರೋಜಾ (ಕೆ). ಬಿ ಎಂದರೆ ಬುಜುರ್ಗ್, ಹಿರಿಯದು. ಕೆ ಎಂದರೆ ಖುರ್ದ್, ಕಿರಿಯದು. ವಿಳಾಸದ ಕಾಲಮ್ಮು ಆವರಣ ಚಿಹ್ನೆಯನ್ನು ಒಪ್ಪದ ಅರ್ಜಿಗಳಲ್ಲಿ ಹಿರಿಯದೂ ಕಿರಿಯದೂ ಒಂದೇ ಆಗಿಬಿಡುತ್ತವೆ. ಇಡೀ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾರಾಟಗಾರರ ಗುಟ್ಟಿಗೆ ದೊರೆತ ತಾಂತ್ರಿಕ ನೆರವು ಎಂದರೆ ಇದೊಂದೇ, ಅದೂ ಉದ್ದೇಶಪೂರ್ವಕವಲ್ಲ.

ಪೂರ್ವೇತಿಹಾಸ

ಕರ್ನಾಟಕದ ದನದ ಸಂತೆಗಳಲ್ಲಿ ವ್ಯಾಪಾರ ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ಕೆಲವು ಕಡೆ ಈಗಲೂ ನಡೆಯುತ್ತದೆ. ಕೊಳ್ಳುವವನೂ ಮಾರುವವನೂ ಕೈಕೈ ಹಿಡಿದು, ಮೇಲೆ ವಸ್ತ್ರ ಹೊದಿಸಿ, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಒಂದು ಬೆರಳು ಸಾವಿರವೋ ನೂರೋ ಎಂಬುದು ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತ ಐವತ್ತು ಜನಕ್ಕೆ ಎತ್ತು ಕಾಣುತ್ತದೆ, ಎತ್ತಿನ ಹಲ್ಲು ಕಾಣುತ್ತದೆ, ಯಾರು ಯಾರಿಗೆ ಮಾರುತ್ತಿದ್ದಾರೆ ಎಂಬುದೂ ಕಾಣುತ್ತದೆ; ಬೆಲೆಯೊಂದು ಕಾಣುವುದಿಲ್ಲ. ಇಂದಿನ ತಂತ್ರಜ್ಞರು ಗೂಢಲಿಪೀಕರಣ ಎಂದು ಕರೆಯುವುದು ಇದನ್ನೇ. ವ್ಯತ್ಯಾಸವೆಂದರೆ ಟವೆಲ್ಲಿಗೆ ಪಾಸ್‌ವರ್ಡ್ ಇಲ್ಲ, ಮರೆತುಹೋಗುವ ಭಯವೂ ಇಲ್ಲ.

ಆನ್‌ಲೈನ್ ವೇದಿಕೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಬೆಲೆ ಜಗತ್ತಿಗೆಲ್ಲ ಕಾಣುತ್ತದೆ. ಕೊಳ್ಳುವವನು ಯಾರೆಂದು ಮಾರುವವಳಿಗೆ ಸರಿಯಾಗಿ ತಿಳಿಯದು. ಮಾರುವವಳ ಖಾತೆ, ಪ್ಯಾನು, ಮನೆ ವಿಳಾಸ ಮಾತ್ರ ಅವಳು ಎಂದೂ ನೋಡದ ಕಟ್ಟಡವೊಂದರ ಕಂಪ್ಯೂಟರಿನಲ್ಲಿ ತಣ್ಣಗೆ ಕುಳಿತಿರುತ್ತವೆ. ಟವೆಲ್ಲು ಅದೇ ಇದೆ, ಅದರ ಕೆಳಗೆ ಈಗ ಬೇರೆಯವರು ಕೂತಿದ್ದಾರೆ ಎಂದು ವ್ಯಾಖ್ಯಾನಕಾರರು ಹೇಳುವುದುಂಟು.

ಈ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಕೃಷಿ ಮಾರುಕಟ್ಟೆಗಳನ್ನು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ರಾಜ್ಯ 2014ರಲ್ಲಿ ಆರಂಭಿಸಿತು. ತೊಗರಿಯ ಟೆಂಡರ್ ಕಂಪ್ಯೂಟರ್ ಪರದೆಗೆ ಏರಿತು. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಮಲಾಪುರದ ಕೆಂಪು ಬಾಳೆಹಣ್ಣಿಗೂ ಅದೇ ಮಾನ್ಯತೆ ಇದೆ. ಬಾಳೆಹಣ್ಣಿನ ಊರನ್ನು ಇನ್ನೊಬ್ಬ ಕದಿಯದಂತೆ ಕಾನೂನು ಕಾಯುತ್ತದೆ. ಅದನ್ನು ಬೆಳೆದವನ ಖಾತೆ ಸಂಖ್ಯೆಗೆ ಅಂಥ ಮಾನ್ಯತೆ ಸಿಕ್ಕಿಲ್ಲ.

ಆಮೇಲೆ ರೊಟ್ಟಿ ಬಂತು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿಯುವ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡಾಗಿ ಆನ್‌ಲೈನ್ ಮಾರಾಟಕ್ಕೆ ಇಳಿಯಿತು. 2025ರ ಜೂನ್ 29ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಅದನ್ನು ಹೆಸರಿಸಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತವೆ ಎಂದು ಆಕಾಶವಾಣಿಯಲ್ಲಿ ಹೇಳಿದರು. “ಹಿಟ್ಟಿನ ರೊಕ್ಕ ಸುದ್ದಾ ಹೊಳ್ಳಿ ಬಂದಿಲ್ಲ” ಎಂಬ ಸಿದ್ಧಾಂತಕ್ಕೆ ರಾಷ್ಟ್ರಮಟ್ಟದಲ್ಲಿ ಬಿದ್ದ ಮೊದಲ ಪೆಟ್ಟು ಇದು.

ಅಂಕಿಗಳ ಅಂಗರಚನೆ

ರೊಟ್ಟಿಯನ್ನೋ ಶೇಂಗಾ ಹಿಂಡಿಯನ್ನೋ ಆನ್‌ಲೈನಿನಲ್ಲಿ ಮಾರಬೇಕೆಂದು ಹೊರಟವಳು ಮೊದಲು ತನ್ನ ಅಂಕಿಗಳನ್ನು ಹೊಂದಿಸಿಕೊಳ್ಳಬೇಕು. ಹಿಟ್ಟು ಹದಕ್ಕೆ ಬರುವುದು ಆಮೇಲಿನ ಮಾತು.

ಪ್ಯಾನ್ ಸಂಖ್ಯೆಯಲ್ಲಿ ಹತ್ತು ಅಕ್ಷರಗಳಿವೆ. ಅವು ಕುರುಡು ಅಕ್ಷರಗಳಲ್ಲ. ನಾಲ್ಕನೆಯದು ಧಾರಕರ ಜಾತಿ ಹೇಳುತ್ತದೆ: ವ್ಯಕ್ತಿಯಾದರೆ ‘ಪಿ’, ಕಂಪನಿಯಾದರೆ ‘ಸಿ’. ಐದನೆಯದು ಅಡ್ಡಹೆಸರಿನ ಮೊದಲಕ್ಷರ. ಈ ಸಂಖ್ಯೆಯನ್ನು ಕಂಡವರಿಗೆಲ್ಲ ಕೊಡಬೇಡಿ ಎಂಬುದು ಎಲ್ಲ ಎಚ್ಚರಿಕೆಗಳ ಮೊದಲ ಸಾಲು. ಜಿಎಸ್‌ಟಿ ಸಂಖ್ಯೆಗೆ ಹದಿನೈದು ಅಕ್ಷರ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರಗಳು ಯಾವುವೆಂದು ನೋಡಿದರೆ ಅದೇ ಪ್ಯಾನ್, ಅಲ್ಪಪ್ರಾಣವೂ ಬದಲಾಗದೆ. ಜಿಎಸ್‌ಟಿ ಸಂಖ್ಯೆಯನ್ನೋ, ನಿಯಮದ ಪ್ರಕಾರ, ಅಂಗಡಿಯ ಬಾಗಿಲ ನಾಮಫಲಕದ ಮೇಲೆ ಬರೆಸಬೇಕು. ಆದ್ದರಿಂದ ಒಂದೇ ಹತ್ತು ಅಕ್ಷರಗಳನ್ನು ಟ್ರಂಕಿನಲ್ಲಿ ಬಚ್ಚಿಡುವುದೂ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸುವುದೂ ಏಕಕಾಲದಲ್ಲಿ ವಿಹಿತವಾಗಿದೆ. ವೇದಾಂತಿಗಳು ವ್ಯಕ್ತಾವ್ಯಕ್ತ ಎನ್ನುವ ಸ್ಥಿತಿಗೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ನಾಮಫಲಕ ದೂರವಿದ್ದವರಿಗೂ ತೊಂದರೆಯಿಲ್ಲ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರದ ಹೆಸರು, ಸ್ಥಳ, ರಿಟರ್ನ್ ಸಲ್ಲಿಸಿದ ದಿನ ಯಾರಿಗೆ ಬೇಕಾದರೂ ಕಾಣುತ್ತವೆ. ವ್ಯಾಪಾರದ ಸ್ಥಳ ಎಂದರೆ ರೊಟ್ಟಿ ಮಾಡುವವಳ ವಿಷಯದಲ್ಲಿ ಅವಳ ಅಡುಗೆಮನೆ. ಅಂಗಡಿ ಇಟ್ಟು ಸರಕು ಮಾರುವವನು ವರ್ಷಕ್ಕೆ 40 ಲಕ್ಷ ದಾಟುವವರೆಗೆ ಈ ಸಂಖ್ಯೆ ಪಡೆಯಬೇಕಿಲ್ಲ. ಆನ್‌ಲೈನಿನಲ್ಲಿ ಮಾರುವವಳು ಮೊದಲ ರೂಪಾಯಿಗೇ ನೋಂದಾಯಿಸಿಕೊಳ್ಳಬೇಕೆಂದು 2017ರ ವ್ಯವಸ್ಥೆ ಹೇಳಿತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೇ ಮಾರುವ ಸಣ್ಣವರಿಗೆ ಸಡಿಲಿಕೆ ಬಂದಿದೆ. ಆದರೆ ಸಡಿಲಿಕೆ ಪಡೆಯಲಿಕ್ಕೂ ಪ್ಯಾನ್ ಕೊಟ್ಟು ಹೆಸರು ಬರೆಸಬೇಕು. ಆದಾಯ ತೆರಿಗೆಯ ಕಡೆಯೂ ಇದೇ ನ್ಯಾಯ: ವೇದಿಕೆಯ ಮೂಲಕ ವರ್ಷಕ್ಕೆ 5 ಲಕ್ಷದೊಳಗೆ ಮಾರುವ ವ್ಯಕ್ತಿಗೆ ಕಡಿತವಿಲ್ಲ, ಪ್ಯಾನನ್ನೋ ಆಧಾರನ್ನೋ ಒಪ್ಪಿಸಿದ್ದರೆ. ತನ್ನ ಗುಟ್ಟು ಬಿಟ್ಟುಕೊಡದೆ ತನಗೆ ಗುಟ್ಟಿದೆ ಎಂದು ಸಾಧಿಸಲಾಗದು ಎಂಬುದು ಇದರ ತಾತ್ಪರ್ಯ.

ಐಎಫ್‌ಎಸ್‌ಸಿಗೆ ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಹೆಸರು, ಕೊನೆಯ ಆರು ಶಾಖೆ. ನಡುವೆ ಐದನೆಯ ಸ್ಥಾನದಲ್ಲೊಂದು ಸೊನ್ನೆ ಇದೆ, ಮುಂದಿನ ಬಳಕೆಗೆಂದು ಕಾದಿರಿಸಿದ್ದು. ಇಡೀ ಅರ್ಜಿಯಲ್ಲಿ ಮಾರಾಟಗಾರ್ತಿಯ ಬಗ್ಗೆ ಏನನ್ನೂ ಬಾಯಿಬಿಡದ ಅಕ್ಷರ ಅದೊಂದೇ. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಹೈದರಾಬಾದ್ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದಾಗ ಈ ಭಾಗದ ಸಾವಿರಾರು ಪಾಸ್‌ಬುಕ್ಕುಗಳ ಮೇಲಿನ ಐಎಫ್‌ಎಸ್‌ಸಿ ಹಳತಾಯಿತು. ಹಳೆಯ ಪಾಸ್‌ಬುಕ್ಕಿನ ಝೆರಾಕ್ಸ್ ಕೊಡುವವರ ಗುಟ್ಟು ಇನ್ನೂ ಭದ್ರವಾಗಿದೆ, ಹಣ ಬರುವುದಿಲ್ಲ ಅಷ್ಟೇ.

ಇವೆಲ್ಲಕ್ಕೂ ಕಳಶವಿಟ್ಟಂತೆ ಇರುವುದು ರದ್ದು ಮಾಡಿದ ಚೆಕ್ಕು. ಚೆಕ್ಕಿನ ಮೇಲೆ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಕೆಳಗೆ ಒಂಬತ್ತು ಅಂಕಿಯ ಎಂಐಸಿಆರ್, ಅದರಲ್ಲೂ ಮೊದಲ ಮೂರು ಊರಿನದು. ಎರಡು ಗೆರೆ ಎಳೆದು ನಡುವೆ ‘ಕ್ಯಾನ್ಸಲ್’ ಎಂದು ಬರೆದು ಕೊಡಬೇಕು. ಗೆರೆ ಎಳೆದದ್ದರಿಂದ ಹಣ ತೆಗೆಯುವ ಶಕ್ತಿಯೊಂದು ಹೋಗುತ್ತದೆ. ಸುದ್ದಿ ಹೇಳುವ ಶಕ್ತಿಯಲ್ಲಿ ಕೊರತೆಯಾಗುವುದಿಲ್ಲ. ಊರಲ್ಲಿ ಅಂಥ ಮುದುಕರು ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಅರ್ಜಿ ಸಲ್ಲಿಕೆಯಾದ ಮೇಲೆ ಖಾತೆ ಖರೆಯೋ ಸುಳ್ಳೋ ಎಂದು ನೋಡಲು ವೇದಿಕೆ ಅದಕ್ಕೆ ಒಂದು ರೂಪಾಯಿ ಹಾಕುತ್ತದೆ. ರೂಪಾಯಿ ಮುಟ್ಟಿದೊಡನೆ ಬ್ಯಾಂಕಿನ ಪುಸ್ತಕದಲ್ಲಿರುವ ಹೆಸರು ಹೊಳ್ಳಿ ಬರುತ್ತದೆ. ಆ ಹೆಸರೂ ಪ್ಯಾನಿನ ಹೆಸರೂ ತಾಳೆಯಾಗಬೇಕು. ಈ ಭಾಗದ ಹಳೆಯ ದಾಖಲೆಗಳು ಹೆಣ್ಣುಮಕ್ಕಳ ಹೆಸರನ್ನು ‘ಇಂಥವಳು ಗಂಡ ಇಂಥವನು’ ಎಂದು ಬರೆಯುವ ಪದ್ಧತಿಯವು. ಕಂಪ್ಯೂಟರು ‘ಗಂಡ’ ಎಂಬುದನ್ನು ಅಡ್ಡಹೆಸರೆಂದು ತಿಳಿದು ಅರ್ಜಿಯನ್ನು ತಿರಸ್ಕರಿಸಿದರೆ, ತಪ್ಪು ಯಾರದೆಂದು ನಿರ್ಣಯಿಸುವುದು ಕಠಿಣ. ತಾಳೆಯಾಯಿತೆಂದರೆ ಅವಳು ತನ್ನ ಹೆಸರನ್ನು ಒಂದು ರೂಪಾಯಿಗೆ ಮಾರಿದಂತಾಯಿತು. ಅವಳ ಮೊದಲ ಆನ್‌ಲೈನ್ ಮಾರಾಟ ಅದೇ. ಅದಕ್ಕೆ ಜಿಎಸ್‌ಟಿ ಇಲ್ಲ.

ಝೆರಾಕ್ಸ್ ಅಧಿಕರಣ

ವೇದಿಕೆಯ ಸರ್ವರುಗಳು ಎಲ್ಲಿವೆ, ಎಷ್ಟು ಬೀಗ ಹಾಕಿವೆ ಎಂಬ ಚರ್ಚೆಯಲ್ಲಿ ಪಂಡಿತರು ಮುಳುಗಿರುವಾಗ ರೊಕ್ಕದ ಗುಟ್ಟು ನಿಜವಾಗಿ ಸೋರುವ ಜಾಗ ಮೂಲೆಯ ಝೆರಾಕ್ಸ್ ಅಂಗಡಿ. ಅರ್ಜಿದಾರರಲ್ಲಿ ಹೆಚ್ಚಿನವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮೊಬೈಲಿನಲ್ಲಿ ಫೋಟೊ ಹೊಡೆದು, “ಅಣ್ಣಾ, ನಿಮ್ ವಾಟ್ಸಾಪಿಗೆ ಹಾಕೀನ್ ನೋಡ್ರಿ” ಎನ್ನುವುದೇ ಇಲ್ಲಿಯ ದತ್ತಾಂಶ ವರ್ಗಾವಣೆಯ ವಿಧಿ. ಅಂಗಡಿಯವನ ವಾಟ್ಸಾಪು ಅಂಗಡಿಯ ಕಂಪ್ಯೂಟರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುತ್ತದೆ. ಆಧಾರು, ಪ್ಯಾನು, ರದ್ದಾದ ಚೆಕ್ಕು, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ‘ಡೌನ್‌ಲೋಡ್ಸ್’ ಎಂಬ ಹಗೇವಿನೊಳಗೆ ಇಳಿಯುತ್ತವೆ. ಹಗೇವಿನ ಜೋಳವಾದರೂ ಎಂದಾದರೂ ಹೊರಗೆ ಬರುತ್ತಿತ್ತು.

ಒಂದು ಪ್ರತಿ ಮಸುಕಾಗಿ ಬಂದರೆ ಅದನ್ನು ಹರಿದು ಎಸೆಯುವುದಿಲ್ಲ, ಕಾಗದ ತುಟ್ಟಿ. ಅದರ ಹಿಂಬದಿ ಇನ್ನೊಬ್ಬರ ಲೆಕ್ಕ ಬರೆಯಲು ಒದಗುತ್ತದೆ. ಅದೇ ಹಾಳೆ ಒಂದು ದಿನ ಮಿರ್ಚಿ ಭಜಿ ಕಟ್ಟಿಕೊಂಡು ಅರ್ಜಿದಾರಳ ಮನೆಗೇ ಮರಳಿದರೆ ಅದನ್ನು ದತ್ತಾಂಶವನ್ನು ಮರಳಿ ಪಡೆಯುವ ಹಕ್ಕಿನ ಸ್ಥಳೀಯ ರೂಪ ಎನ್ನಬಹುದು.

ಈ ಅಧಿಕರಣದಲ್ಲಿ ಸರ್ಕಾರದ ನಿಲುವು ಎರಡು ದಿನ ಸ್ಪಷ್ಟವಾಗಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರಿನ ಝೆರಾಕ್ಸನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರ್ಬಳಕೆಯಾಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಮೇ 29ರಂದು ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಜನ ಅಪಾರ್ಥ ಮಾಡಿಕೊಳ್ಳುವ ಸಂಭವವಿದೆ, ಸಾಮಾನ್ಯ ವಿವೇಕ ಬಳಸಿದರೆ ಸಾಕು ಎಂದಿತು. ನಡುವಿನ ದಿನ ಶನಿವಾರ. ಆ ಶನಿವಾರವೂ ಅಂಗಡಿಗಳು ತೆರೆದೇ ಇದ್ದವು.

ಕಾನೂನಿನ ನಿಲುವು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು. ಕನ್ನಡ ನಾಡು ದೇಶದ ಗುಟ್ಟಿಗೆ ಕೊಟ್ಟ ಈ ಕೊಡುಗೆಯನ್ನು ಯಾವ ರಾಜ್ಯೋತ್ಸವ ಭಾಷಣವೂ ಸಾಕಷ್ಟು ಕೊಂಡಾಡಿಲ್ಲ.

ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಇದು ವ್ಯಕ್ತಿಯನ್ನು ಉದ್ದಕ್ಕೂ ‘ಅವಳು’ ಎಂದೇ ಕರೆಯುತ್ತದೆ. ರೊಟ್ಟಿ ಮಾಡುವವಳಿಗೆ ತನ್ನನ್ನು ನೋಡಿಯೇ ಬರೆದಂತೆ ಅನಿಸಿದರೆ ಆಶ್ಚರ್ಯವಿಲ್ಲ. ದತ್ತಾಂಶಕ್ಕೆ ತಕ್ಕ ಕಾವಲಿಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ದತ್ತಾಂಶದ ಯಜಮಾನಿಯೂ ಪೂರ್ಣ ಮುಕ್ತಳಲ್ಲ: ಹುರುಳಿಲ್ಲದ ದೂರು ಕೊಟ್ಟರೆ ಅವಳಿಗೆ 10,000 ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವಿದೆ. ಶೇಂಗಾ ಹಿಂಡಿ ಅಷ್ಟು ದಿನ ಕೆಡದೆ ಇರುವುದಿಲ್ಲ.

ಇಲ್ಲೊಂದು ತಾರತಮ್ಯವನ್ನು ಗುರುತಿಸಬೇಕು. 2022ರ ಅಕ್ಟೋಬರ್ 1ರಿಂದ ಕೊಳ್ಳುವವರ ಕಾರ್ಡ್ ಸಂಖ್ಯೆಯನ್ನು ಮಾರಾಟ ಜಾಲಗಳು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಹುಸಿಸಂಖ್ಯೆ ಬಳಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಕೊಳ್ಳುವವನಿಗೆ ಹೀಗೆ ಮುಸುಕು ದೊರೆತಿದೆ. ಮಾರುವವಳ ಖಾತೆ ಸಂಖ್ಯೆಗೆ ಟೋಕನ್ ಇಲ್ಲ. ಚೆಕ್ಕಿನ ಫೋಟೊ ಸಮೇತ ಪೂರ್ತಿಯಾಗಿ ಕೊಡಬೇಕು. ಮೇಲಾಗಿ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅವಳ ವ್ಯಾಪಾರದ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ ಗ್ರಾಹಕರಿಗೆ ಕಾಣುವಂತಿರಬೇಕು. ಮೋಸಗಾರ ವ್ಯಾಪಾರಿಯಿಂದ ಗ್ರಾಹಕನನ್ನು ಕಾಪಾಡಲು ಮಾಡಿದ ಈ ನಿಯಮ ತಪ್ಪೇನಲ್ಲ. ಗ್ರಾಹಕನೇ ಮೋಸಗಾರನಾದರೆ ಏನು ಎಂಬ ಪ್ರಶ್ನೆಯನ್ನು ಅದು ಎತ್ತಿಕೊಂಡಿಲ್ಲ.

ಆ ಪ್ರಶ್ನೆ ಫೋನಿನಲ್ಲಿ ಬರುತ್ತದೆ. ಮಾತಾಡುವವನು ತಾನು ಸೇನೆಯವನೆನ್ನುತ್ತಾನೆ. ಶಿಬಿರಕ್ಕೆ ಐನೂರು ರೊಟ್ಟಿ ಬೇಕು, ಮುಂಗಡ ಈಗಲೇ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಯುಪಿಐ ಶಾಸ್ತ್ರದ ಸೂತ್ರ ಇಲ್ಲಿ ಬಹಳ ಚಿಕ್ಕದು: ಪಿನ್ ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಈ ಸೂತ್ರ ತಿಳಿಯದವರ ಖಾತೆ ಬರಿದಾಗುವುದು ರೊಟ್ಟಿ ಒಂದು ಮಗ್ಗುಲು ಬೇಯುವಷ್ಟರಲ್ಲಿ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಕ್ಯೂಆರ್ ಉಳಿದಿದೆ. ಹಣ ಹೋದೊಡನೆ ಒತ್ತಬೇಕಾದ ಸಂಖ್ಯೆ 1930. ಈ ಪ್ರಬಂಧದಲ್ಲಿ ಬಂದ ಅಂಕಿಗಳಲ್ಲಿ ಯಾರಿಗೆ ಬೇಕಾದರೂ ಹಂಚಬಹುದಾದದ್ದು ಇದೊಂದೇ.

ಕೂಗುಪೆಟ್ಟಿಗೆ ಪ್ರಕರಣ

ಟವೆಲ್ಲಿನ ನೇರ ವಿರೋಧಿ ಪದಾರ್ಥ ಯಾವುದು ಎಂದು ಪರೀಕ್ಷೆಯಲ್ಲಿ ಕೇಳಿದರೆ ಉತ್ತರ: ಅಂಗಡಿಯ ಗಲ್ಲಾದ ಮೇಲಿರುವ ಸೌಂಡ್‌ಬಾಕ್ಸ್. ಹಣ ಬಂದಾಗಲೆಲ್ಲ ಅದು ಮೊತ್ತವನ್ನು ಅಚ್ಚ ಕನ್ನಡದಲ್ಲಿ, ಹೋಗುವವರು ಬರುವವರು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ನಾಲ್ಕು ತಲೆಮಾರು ಗಲ್ಲಾದ ಲೆಕ್ಕವನ್ನು ಮಗ್ಗುಲ ಅಂಗಡಿಯವನಿಗೆ ಹೇಳದ ಮನೆತನ ಈ ಪೆಟ್ಟಿಗೆಯನ್ನು ತಿಂಗಳಿಗೆ ಬಾಡಿಗೆ ಕೊಟ್ಟು ತಂದಿಟ್ಟುಕೊಂಡದ್ದು ಸಮಾಜಶಾಸ್ತ್ರಜ್ಞರಿಗೆ ಬಿಡಿಸಲಾಗದ ಒಗಟು.

ಪೆಟ್ಟಿಗೆಯ ಮಾತನ್ನು ವಾಣಿಜ್ಯ ತೆರಿಗೆ ಇಲಾಖೆಯೂ ಕೇಳಿಸಿಕೊಳ್ಳುತ್ತಿದೆ ಎಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ಯುಪಿಐ ಜಮೆಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯದು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿದವು, ಪೆಟ್ಟಿಗೆಗಳು ಮೌನ ತಳೆದವು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದ ಮೇಲೆ ಗದ್ದಲ ಇಳಿಯಿತು. ಚೀಟಿ ಹರಿದು, ಪೆಟ್ಟಿಗೆ ಮತ್ತೆ ಕೂಗತೊಡಗಿತು.

ಅಪವಾದ

ಕೊನೆಗೆ ಉಳಿಯುವುದು ಶಾಸ್ತ್ರದ ಆದಿಯಲ್ಲೇ ಬಂದ ಪ್ರತಿವಾದಿಯ ವಿಷಯ. ರೊಟ್ಟಿಯವಳ ಮಾರಾಟದ ಮೊತ್ತ ವೇದಿಕೆಗೆ ಗೊತ್ತು. ಪ್ರತಿ ಮಾರಾಟದ ಮೇಲೆ ಕಡಿತದ ಲೆಕ್ಕ ಇಡುವುದರಿಂದ ಎರಡು ತೆರಿಗೆ ಇಲಾಖೆಗಳಿಗೂ ಗೊತ್ತು. ಬ್ಯಾಂಕಿಗೆ, ಝೆರಾಕ್ಸ್ ಅಂಗಡಿಗೆ, ಪಾರ್ಸಲ್ ಒಯ್ಯುವ ಹುಡುಗನಿಗೆ ಅಷ್ಟಷ್ಟು ಗೊತ್ತು. ನೆಗೆಣ್ಣಿಗೆ ಮಾತ್ರ ತಿಳಿಯಬಾರದೆಂದು ಅವಳು ಮೊಬೈಲಿಗೆ ನಾಲ್ಕಂಕಿಯ ಬೀಗ ಹಾಕಿ, ಬ್ಯಾಂಕಿನ ಸಂದೇಶ ಬಂದಾಗ ಸದ್ದಾಗದಂತೆ ಮಾಡಿ, ಸಿದ್ಧಾಂತವನ್ನು ಎಂದಿನಂತೆ ಒಪ್ಪಿಸುತ್ತಾಳೆ.

ನೆಗೆಣ್ಣಿ ಮೊಬೈಲ್ ನೋಡುವುದಿಲ್ಲ. ತಿಂಗಳಿಗೆ ಗಿರಣಿಗೆ ಹೋದ ಜೋಳದ ಚೀಲ ಎಷ್ಟು ಎಂದು ಎಣಿಸುತ್ತಾಳೆ, ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಎಂಬುದು ಅವಳ ಕೈಗೆ ಗೊತ್ತಿದೆ, ಬೆಲೆಯಂತೂ ಆನ್‌ಲೈನಿನಲ್ಲೇ ಇದೆ. 2023ರ ಕಾಯ್ದೆ ಡಿಜಿಟಲ್ ದತ್ತಾಂಶಕ್ಕೆ ಮಾತ್ರ ಅನ್ವಯಿಸುತ್ತದೆ. ಗಿರಣಿಯ ಮುಂದೆ ನಿಂತು ಚೀಲ ಎಣಿಸುವುದು ಅದರೊಳಗೆ ಬರುವುದಿಲ್ಲ. ಬಂದರೂ, ವ್ಯಕ್ತಿಯೊಬ್ಬರು ಸ್ವಂತಕ್ಕಾಗಿ ಅಥವಾ ಮನೆವಾರ್ತೆಗಾಗಿ ಬಳಸುವ ದತ್ತಾಂಶಕ್ಕೆ ಅದರ 3ನೆಯ ಸೆಕ್ಷನ್ನಿನಲ್ಲಿ ವಿನಾಯಿತಿ ಕೊಟ್ಟಿದೆ.